ಒಂದು ಗಂಟೆಯ ವಹಿವಾಟಿಗೆ ಕಟ್ಟಿದ ಸೌಧ: ಕಾರ್ಡಿಫ್‌ನ ಕೋಲ್ ಎಕ್ಸ್‌ಚೇಂಜ್

1880ರ ಸುಮಾರಿಗೆ ವೇಲ್ಸ್‌ನ ಕಾರ್ಡಿಫ್ ಪಟ್ಟಣದಲ್ಲಿ ಕಲ್ಲಿದ್ದಲಿನ ವ್ಯಾಪಾರ ನಡೆಯುತ್ತಿದ್ದದ್ದು ಬೀದಿಯಲ್ಲಿ. ಹಡಗುಕಟ್ಟೆಗಳ ಪಕ್ಕದ ಬ್ಯೂಟ್‌ಟೌನ್ ಬಡಾವಣೆಯಲ್ಲಿ ವರ್ತಕರು ತಮ್ಮ ಕಚೇರಿಯ ಹೊರಗೆ ಸ್ಲೇಟು ಹಾಕಿ, ಆ ಹೊತ್ತಿನ ದರವನ್ನು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ದರ ಏರಿದರೆ ಒರೆಸಿ ಮತ್ತೆ ಬರೆಯುವುದು. ದೊಡ್ಡ ವ್ಯವಹಾರಗಳು ಹತ್ತಿರದ ಪಬ್‌ಗಳಲ್ಲಿ ಕುದುರುತ್ತಿದ್ದವು. ಲಕ್ಷಗಟ್ಟಲೆ ಟನ್ ಸರಕು ಸಾಗಿಸುವ ಊರಿನಲ್ಲಿ, ಕೊಳ್ಳುವವನಿಗೂ ಮಾರುವವನಿಗೂ ತಲೆಯ ಮೇಲೆ ಒಂದು ಸೂರು ಇರಲಿಲ್ಲ.

ಆ ಸೂರಿಗಾಗಿ ಕಟ್ಟಿದ್ದೇ ಮೌಂಟ್ ಸ್ಟುವರ್ಟ್ ಸ್ಕ್ವೇರ್‌ನ ಕೋಲ್ ಎಕ್ಸ್‌ಚೇಂಜ್. ವಿಕ್ಟೋರಿಯಾ ಕಾಲದ ವಾಣಿಜ್ಯ ಕಟ್ಟಡಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಕಲ್ಲಿನ ಕೆತ್ತನೆ, ಕಂಬ, ಕಮಾನುಗಳ ಸೊಬಗನ್ನು ವರ್ಣಿಸಿ ಮುಂದೆ ಹೋಗುತ್ತಾರೆ. ಈ ಕಟ್ಟಡದಲ್ಲಿ ನನ್ನನ್ನು ಹಿಡಿದಿಡುವುದು ಅದರ ಲೆಕ್ಕಾಚಾರ. ಯಾವ ಭಾಗ ದುಡಿಯಬೇಕು, ಯಾವ ಭಾಗ ಮೆರೆಯಬೇಕು ಎಂಬುದು ನಕ್ಷೆಯಲ್ಲೇ ತೀರ್ಮಾನವಾಗಿತ್ತು. 1958ರಲ್ಲಿ ವ್ಯಾಪಾರ ನಿಂತ ಮೇಲೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಇದನ್ನು ಉಳಿಸಲು ಬಂದವರಲ್ಲಿ ಹಲವರು ಆ ಲೆಕ್ಕವನ್ನು ಓದಲೇ ಇಲ್ಲ. ಕಟ್ಟಡ ಪಟ್ಟ ಪಾಡಿಗೆ ಅದೇ ಮುಖ್ಯ ಕಾರಣ ಎಂಬುದು ನನ್ನ ವಾದ.

ಊರು ಬೆಳೆದ ಬಗೆ

1801ರ ಜನಗಣತಿಯಲ್ಲಿ ಕಾರ್ಡಿಫ್‌ನ ಜನಸಂಖ್ಯೆ 1,870. ಅಂದರೆ ಒಂದು ಹಳ್ಳಿಯಷ್ಟು. 1901ರಲ್ಲಿ ಅದು 1,64,000 ದಾಟಿತ್ತು. ಇಷ್ಟಾದರೂ ವಿಕ್ಟೋರಿಯಾ ರಾಣಿಯ ಕಾಲ ಮುಗಿಯುವವರೆಗೆ ಕಾನೂನಿನ ಕಣ್ಣಿಗೆ ಇದು ಪಟ್ಟಣವೇ. ನಗರದ ಪಟ್ಟ ಸಿಕ್ಕಿದ್ದು 1905ರಲ್ಲಿ, ವೇಲ್ಸ್‌ನ ರಾಜಧಾನಿಯಾದದ್ದು 1955ರಲ್ಲಿ.

ಊರಿನ ಉತ್ತರಕ್ಕಿರುವ ಕಣಿವೆಗಳಲ್ಲಿ ಸಿಗುತ್ತಿದ್ದ ಕಲ್ಲಿದ್ದಲು ಉಗಿಯಂತ್ರಕ್ಕೆ ಹೇಳಿ ಮಾಡಿಸಿದಂತಿತ್ತು: ಹೊಗೆ ಕಡಿಮೆ, ಕಾವು ಹೆಚ್ಚು. ಬ್ರಿಟಿಷ್ ನೌಕಾಪಡೆ ಅದನ್ನು ಮೆಚ್ಚಿ ಆರಿಸಿಕೊಂಡ ಮೇಲೆ ಜಗತ್ತಿನ ಹಡಗುಗಳೆಲ್ಲ ಅದನ್ನೇ ಕೇಳತೊಡಗಿದವು. ಊರಿನ ದೊಡ್ಡ ಭೂಮಾಲೀಕರಾಗಿದ್ದ ಬ್ಯೂಟ್ ಮನೆತನದ ಎರಡನೆಯ ಮಾರ್ಕ್ವಿಸ್ (ಪ್ರಭು ಪದವಿ) 1839ರಲ್ಲಿ ಮೊದಲ ದೊಡ್ಡ ಹಡಗುಕಟ್ಟೆ ತೆರೆದ. 1841ರಲ್ಲಿ ಟ್ಯಾಫ್ ವೇಲ್ ರೈಲುಮಾರ್ಗ ಮರ್ಥರ್ ಟಿಡ್‌ವಿಲ್‌ನಿಂದ ಬಂದರಿನವರೆಗೆ ತಲುಪಿತು. ಅಲ್ಲಿಂದ ಹೊರಟ ಕಲ್ಲಿದ್ದಲು ಏಡನ್‌ನಲ್ಲಿ, ಮುಂಬಯಿಯಲ್ಲಿ, ಕೊಲಂಬೊದಲ್ಲಿ ರಾಶಿ ಬಿದ್ದು ಹಾದುಹೋಗುವ ಉಗಿಹಡಗುಗಳ ಹೊಟ್ಟೆ ಸೇರುತ್ತಿತ್ತು. ನಮ್ಮ ಕಡೆಯ ಲಸ್ಕರ್ ನಾವಿಕರು ಸೊಮಾಲಿ, ಯೆಮನಿ ನಾವಿಕರ ಜೊತೆಗೆ ಬ್ಯೂಟ್‌ಟೌನ್‌ನ ವಸತಿಗೃಹಗಳಲ್ಲಿ ತಂಗಿ, ಮುಂದಿನ ಹಡಗಿಗೆ ಕಾಯುತ್ತಿದ್ದರು. ಎಕ್ಸ್‌ಚೇಂಜ್ ಕಟ್ಟಡ ಎದ್ದದ್ದು ಅವರು ಓಡಾಡುತ್ತಿದ್ದ ಅದೇ ಬೀದಿಗಳ ನಡುವೆ.

ಇಂಥ ಮನೆ ಬೇಕಾದದ್ದೇಕೆ

ಕಲ್ಲಿದ್ದಲನ್ನು ಅಕ್ಕಿಯಂತೆ ಗೋದಾಮಿನಲ್ಲಿ ತುಂಬಿಟ್ಟು ನಿಧಾನವಾಗಿ ಮಾರಲು ಆಗುತ್ತಿರಲಿಲ್ಲ. ಗಣಿಯಿಂದ ಬಂದ ವ್ಯಾಗನ್‌ಗಳು ಹಳಿಯ ಮೇಲೆ ನಿಂತಿರುತ್ತವೆ. ಅವು ಖಾಲಿಯಾಗದೆ ಮುಂದಿನ ದಿನದ ಕಲ್ಲಿದ್ದಲು ಹೊರಡುವಂತಿಲ್ಲ. ಇತ್ತ ಕಟ್ಟೆಯಲ್ಲಿ ಹಡಗು ಸರಕಿಗೆ ಕಾಯುತ್ತ ಕೂತರೆ, ಕರಾರಿನ ಅವಧಿ ಮೀರಿದ ಪ್ರತಿ ದಿನಕ್ಕೂ ದಂಡ ಕಟ್ಟಬೇಕು. ಗಣಿಗಳು ಹತ್ತಾರು, ತರಗತಿಗಳು ಹಲವು. ನೌಕಾಪಡೆಗೆ ಸಲ್ಲುವ ಅತ್ಯುತ್ತಮ ದಪ್ಪ ಕಲ್ಲಿದ್ದಲಿನಿಂದ ಹಿಡಿದು ಪುಡಿಯವರೆಗೆ ಒಂದೊಂದಕ್ಕೂ ಬೇರೆ ದರ. ಗಣಿಯವನು, ಹಡಗಿನವನು, ಹೊರದೇಶದ ಗಿರಾಕಿಯ ಏಜೆಂಟ್ – ಮೂವರೂ ಒಂದೇ ಹೊತ್ತಿಗೆ ಎದುರುಬದುರಾಗಿ ನಿಂತು ಒಪ್ಪಿದರೆ ಮಾತ್ರ ವ್ಯಾಪಾರ ಕುದುರುತ್ತಿತ್ತು.

ಆ ಹೊತ್ತು ಗೊತ್ತಾಗಿತ್ತು: ಮಧ್ಯಾಹ್ನ ಹನ್ನೆರಡರಿಂದ ಒಂದು. ಅಷ್ಟರಲ್ಲಿ ಹಾಲ್‌ನ ನೆಲದ ಮೇಲೆ 200 ಮಂದಿಯವರೆಗೆ ಸೇರಿ, ಕೂಗಿ, ಕೈಸನ್ನೆ ಮಾಡಿ, ಬಾಯಿಮಾತಿನಲ್ಲೇ ಕರಾರು ಮುಗಿಸುತ್ತಿದ್ದರು. ದಿನವೊಂದಕ್ಕೆ 10,000 ಜನ ಒಳಗೆ ಹೊರಗೆ ಓಡಾಡುತ್ತಿದ್ದರೆಂಬ ಅಂದಾಜಿದೆ. ಎಪಿಎಂಸಿ ಯಾರ್ಡಿನಲ್ಲಿ ಸವಾಲು ನಡೆಯುವ ಹೊತ್ತನ್ನು ನೋಡಿದವರಿಗೆ ಈ ಬಿಸಿ ಎಂಥದೆಂದು ಬೇಗ ಅರ್ಥವಾಗುತ್ತದೆ. ಒಂದು ವ್ಯತ್ಯಾಸವೆಂದರೆ ಇಲ್ಲಿ ಕಣ್ಣೆದುರಿಗೆ ಸರಕು ಇರಲಿಲ್ಲ. ಕಲ್ಲಿದ್ದಲಿನ ಒಂದು ಹರಳೂ ಒಳಗೆ ಬರುತ್ತಿರಲಿಲ್ಲ. ಹಡಗಿನ ತಳದಲ್ಲಿ ಉಸಿರು ಕಟ್ಟುವ ಧೂಳಿನ ನಡುವೆ ಸಲಿಕೆ ಹಿಡಿದು ಸರಕನ್ನು ಸಮ ಮಾಡುತ್ತಿದ್ದ ಟ್ರಿಮ್ಮರ್‌ಗಳ ಲೋಕಕ್ಕೂ ಈ ಹಾಲ್‌ಗೂ ನಡುವೆ ಕೆಲವೇ ಬೀದಿಗಳ ದೂರವಿತ್ತು. ಆ ಲೋಕದ ಮಸಿ ಮಾತ್ರ ಇಲ್ಲಿಯ ಗೋಡೆಗೆ ತಾಗಲಿಲ್ಲ.

ಉದ್ಯಾನದ ಜಾಗದಲ್ಲಿ

ಮೌಂಟ್ ಸ್ಟುವರ್ಟ್ ಸ್ಕ್ವೇರ್ ಮೊದಲು ಅನುಕೂಲಸ್ಥರ ವಸತಿ ಚೌಕ. ನಾಲ್ಕು ಕಡೆ ಮನೆಗಳ ಸಾಲು, ನಡುವೆ ಉದ್ಯಾನ. ಬ್ಯೂಟ್ ಮನೆತನಕ್ಕೆ ಸ್ಕಾಟ್ಲೆಂಡಿನ ಬ್ಯೂಟ್ ದ್ವೀಪದಲ್ಲಿರುವ ಮನೆಯ ಹೆಸರನ್ನೇ ಈ ಚೌಕಕ್ಕೆ ಇಟ್ಟಿದ್ದರು. ಎಕ್ಸ್‌ಚೇಂಜ್ ಕಟ್ಟಲು ಬಂದರಿನ ಸಮೀಪ ಬೇರೆ ದೊಡ್ಡ ಜಾಗ ಹುಡುಕುವ ಬದಲು ಆ ಉದ್ಯಾನವನ್ನೇ ತೆಗೆದುಕೊಂಡರು. ಸುತ್ತಲಿನ ಮನೆಗಳವರು ಮರಗಿಡ ನೋಡುತ್ತಿದ್ದ ಕಡೆ ಕಲ್ಲಿನ ಗೋಡೆ ಎದ್ದಿತು. ಕ್ರಮೇಣ ಆ ಮನೆಗಳ ಜಾಗದಲ್ಲೂ ಹಡಗು ಕಂಪನಿಗಳ, ಬ್ಯಾಂಕುಗಳ ಕಚೇರಿಗಳು ಬಂದವು. ಊರು ವಾಸದ ಚೌಕವೊಂದನ್ನು ವ್ಯಾಪಾರಕ್ಕೆ ಒಪ್ಪಿಸಿಬಿಟ್ಟಿತು. ನನಗೆ ಇದು ನಷ್ಟವೆಂದೇ ಅನ್ನಿಸುತ್ತದೆ, ಅಲ್ಲಿ ಎದ್ದ ಕಟ್ಟಡ ಎಷ್ಟೇ ಘನವಾಗಿದ್ದರೂ.

ಜಾಗದ ಈ ಆಯ್ಕೆಯಿಂದ ವಾಸ್ತುವಿನ ಮೇಲೆ ನೇರ ಪರಿಣಾಮವಾಯಿತು. ಸಾಮಾನ್ಯವಾಗಿ ಬೀದಿಬದಿಯ ವಾಣಿಜ್ಯ ಕಟ್ಟಡಕ್ಕೆ ಒಂದೇ ಮುಖ. ಅಲ್ಲಿ ಹಣ ಸುರಿದು ಕಲ್ಲು ಕೆತ್ತಿಸಿ, ಹಿಂಬದಿಯನ್ನು ಸಾದಾ ಇಟ್ಟಿಗೆಯಲ್ಲಿ ಮುಗಿಸಬಹುದು. ಎರಡು ಪಕ್ಕದ ಗೋಡೆಗಳಿಗೆ ನೆರೆಯ ಕಟ್ಟಡಗಳ ಆಸರೆ ಇರುತ್ತದೆ. ಚೌಕದ ನಡುವೆ ನಿಂತ ಕಟ್ಟಡಕ್ಕೆ ಬೆನ್ನೇ ಇಲ್ಲ. ನಾಲ್ಕು ಕಡೆಯೂ ಜನ ನೋಡುತ್ತಾರೆ, ನಾಲ್ಕು ಕಡೆಯೂ ಬ್ರಿಸ್ಟಲ್ ಕಡಲ್ಗಾಲುವೆಯ ಉಪ್ಪುಗಾಳಿ ಮಳೆ ಹೊತ್ತು ಬಡಿಯುತ್ತದೆ. 1880ರ ದಶಕದಲ್ಲಿ ಅದು ಹೆಮ್ಮೆಯ ವಿಷಯವಾಗಿತ್ತು. ನೂರು ವರ್ಷದ ಮೇಲೆ ಅದೇ ರಿಪೇರಿಯ ಬಿಲ್ಲಾಯಿತು.

ವಾಸ್ತುಶಿಲ್ಪಿ ಎಡ್ವಿನ್ ಸೀವರ್ಡ್. ಹುಟ್ಟಿದ್ದು 1853ರಲ್ಲಿ, ಇಂಗ್ಲೆಂಡಿನ ಸಾಮರ್‌ಸೆಟ್‌ನಲ್ಲಿ. ಹುಡುಗನಾಗಿದ್ದಾಗಲೇ ಕಾರ್ಡಿಫ್‌ಗೆ ಬಂದು ಕೆಲಸ ಕಲಿತವರು. ಜೇಮ್ಸ್ ಮತ್ತು ಥಾಮಸ್ ಎಂಬ ಪಾಲುದಾರರೊಡನೆ ನಡೆಸುತ್ತಿದ್ದ ಅವರ ಸಂಸ್ಥೆ ಊರಿನ ಸಾರ್ವಜನಿಕ ಗ್ರಂಥಾಲಯವನ್ನೂ ಆಸ್ಪತ್ರೆಯನ್ನೂ ವಿನ್ಯಾಸ ಮಾಡಿತ್ತು. ಎಕ್ಸ್‌ಚೇಂಜಿನ ಕೆಲಸ ಕೈಗೆ ಬಂದಾಗ ಸೀವರ್ಡ್ ಅವರಿಗೆ ಮೂವತ್ತರ ಆಸುಪಾಸು. ಕಟ್ಟಡ 1886ರಲ್ಲಿ ವಹಿವಾಟಿಗೆ ತೆರೆಯಿತು.

ಅವರು ಆರಿಸಿಕೊಂಡದ್ದು ಫ್ರೆಂಚ್ ರಿನೈಸಾನ್ಸ್ ಶೈಲಿ. ಕಲ್ಲಿದ್ದಲಿಗೂ ಫ್ರೆಂಚ್ ಅರಮನೆಗಳಿಗೂ ಏನು ನಂಟು ಎಂದು ಕೇಳಬಹುದು. ನಂಟಿರುವುದು ಸಾಲ ಮತ್ತು ನಂಬಿಕೆಯ ಜೊತೆ. ಇಲ್ಲಿ ಬಾಯಿಮಾತಿಗೆ ಹಣದ ಬೆಲೆ. ಹತ್ತು ವರ್ಷದ ಹಿಂದೆ ಊರಿಗೆ ಬಂದ ದಲ್ಲಾಳಿ ಲಂಡನ್ನಿನ ಬ್ಯಾಂಕಿನವನ ಎದುರು ತಾನು ಗಟ್ಟಿ ಕುಳ ಎಂದು ತೋರಿಸಬೇಕು. ಅವನ ವಿಳಾಸದ ಕಾಗದದ ಮೇಲೆ ಇಂಥ ಕಟ್ಟಡದ ಹೆಸರಿದ್ದರೆ ಅರ್ಧ ಕೆಲಸ ಆದಂತೆಯೇ. ಬಾಡಿಗೆಯ ಜೊತೆಗೆ ಅವನು ಕೊಳ್ಳುತ್ತಿದ್ದದ್ದು ಆ ಗಾಂಭೀರ್ಯವನ್ನೂ.

ನಕ್ಷೆಯಲ್ಲಿ ಅಡಗಿದ ಲೆಕ್ಕ

ಕಟ್ಟಡದ ನಡುವೆ ವಹಿವಾಟಿನ ಹಾಲ್. ಅದರ ಸುತ್ತ ಅಂತಸ್ತಿನ ಮೇಲೆ ಅಂತಸ್ತಾಗಿ ಕಚೇರಿ ಕೋಣೆಗಳು. ಹಾಲ್‌ಗೆ ಬೀದಿಯ ಕಡೆ ಕಿಟಕಿಯಿಲ್ಲ, ಬೆಳಕು ಚಾವಣಿಯಿಂದಲೇ ಇಳಿಯಬೇಕು. ಬೀದಿಗೆ ಮುಖ ಮಾಡಿದ ಕಿಟಕಿಗಳೆಲ್ಲ ಬಾಡಿಗೆ ಕೋಣೆಗಳ ಪಾಲು.

ಇಲ್ಲೇ ಇಡೀ ಪ್ರಕರಣದ ತಿರುಳಿದೆ. ಹಾಲ್ ಭರ್ತಿಯಾಗುವುದು ದಿನಕ್ಕೆ ಒಂದು ಗಂಟೆ. ಆ ಒಂದು ಗಂಟೆಗೋಸ್ಕರ ಅಷ್ಟು ಎತ್ತರದ, ಅಷ್ಟು ಅಗಲದ ಜಾಗವನ್ನು ಖಾಲಿ ಬಿಟ್ಟರೆ ಹೂಡಿದ ಹಣ ಎಲ್ಲಿಂದ ವಾಪಸು ಬರಬೇಕು? ಸುತ್ತಲಿನ ಕೋಣೆಗಳಿಂದ. ಗಣಿ ಮಾಲೀಕ, ಹಡಗಿನ ದಲ್ಲಾಳಿ, ವಿಮೆಯವರು – ಇವರಿಗೆ ಹಾಲ್‌ನ ಹತ್ತಿರ ಕಚೇರಿ ಇದ್ದಷ್ಟೂ ಲಾಭ. ಒಂದು ಮೆಟ್ಟಿಲು ಇಳಿದು ಬಂದು ದರ ಕೇಳಿ, ಮತ್ತೆ ಹತ್ತಿ ಹೋಗಿ ತಂತಿ ಕಳಿಸಬಹುದು. ಹೀಗಾಗಿ ಹಾಲ್ ಕೋಣೆಗಳ ಬಾಡಿಗೆ ಏರಿಸಿತು. ಕೋಣೆಗಳ ಬಾಡಿಗೆ ಹಾಲ್ ಅನ್ನು ಸಾಕಿತು. ಒಂದನ್ನು ಬಿಟ್ಟು ಇನ್ನೊಂದಿಲ್ಲ.

ಇಂಥ ನಕ್ಷೆಗೆ ಹುಟ್ಟಿನಿಂದಲೇ ಬರುವ ಒಂದು ದೌರ್ಬಲ್ಯವೂ ಇದೆ. ನಡುವಿನ ಗಾಜಿನ ಚಾವಣಿ ಕೆಳಗೆ, ಸುತ್ತಲಿನ ಕಚೇರಿಗಳು ಮೇಲೆ. ಮಳೆನೀರೆಲ್ಲ ಕಟ್ಟಡದ ಒಳಮಗ್ಗುಲಿನಲ್ಲಿ ಚಾವಣಿಯ ನೀರು ಹರಿಸುವ ದೋಣಿಗಳಿಗೆ ಬಂದು ಬೀಳುತ್ತದೆ. ಅವುಗಳಲ್ಲಿ ಎಲೆಯೋ ಕಸವೋ ಪಾರಿವಾಳದ ಗೂಡೋ ಕಟ್ಟಿಕೊಂಡರೆ ನೀರು ಹೊರಗೆ ಚೆಲ್ಲದೆ ಗೋಡೆಯೊಳಗೆ ಇಳಿಯುತ್ತದೆ, ಬೀದಿಯಲ್ಲಿ ನಿಂತವನ ಕಣ್ಣಿಗೆ ಏನೂ ಬೀಳುವುದಿಲ್ಲ. ಬಾಡಿಗೆ ಬರುತ್ತಿರುವ ತನಕ ಮೇಲೆ ಹತ್ತಿ ದೋಣಿ ಬಳಿಯಲು ಆಳು ಇರುತ್ತಾನೆ. ಬಾಡಿಗೆ ನಿಂತ ದಿನ ಆ ಆಳನ್ನೂ ಬಿಡಿಸುತ್ತಾರೆ.

ಎರಡು ಸಿಂಹಗಳು

ಇಂದು ಕಾಣುವ ಹಾಲ್ ಮೂಲದ್ದಲ್ಲ. 1911-12ರಲ್ಲಿ ಅದನ್ನು ಪೂರ್ತಿ ಹೊಸದಾಗಿ ಅಲಂಕರಿಸಿದರು: ಗಾಢ ಬಣ್ಣದ ಮರದ ಹೊದಿಕೆ, ಸುತ್ತಲೂ ಗ್ಯಾಲರಿ, ಎತ್ತರದ ಕೊರಿಂಥಿಯನ್ ಕಂಬಗಳು. ಒಳಗಿನ ಈ ಮರಗೆಲಸ ಹೊರಗಿನ ಕಲ್ಲಿಗಿಂತ ಹೆಚ್ಚು ಶ್ರೀಮಂತವಾಗಿದೆ, ಸ್ವಲ್ಪ ಹೆಚ್ಚೇ ಎನ್ನುವಷ್ಟು.

ಆ ವೈಭವದ ನಡುವೆ ಕೆಲಸಕ್ಕೆ ಬೇಕಾದ ಒಂದು ವಸ್ತು ಇದೆ. ಗೀರು ಕೆತ್ತಿದ ಎರಡು ಕಂಬಗಳು, ಪ್ರತಿಯೊಂದರ ಮೇಲೆ ಕೂತ ಒಂದು ಸಿಂಹ, ಜೊತೆಗೊಂದು ಗುರಾಣಿ. ಒಂದರಲ್ಲಿ ಹಡಗು ಎಂದು ಬರೆದಿದೆ, ಇನ್ನೊಂದರಲ್ಲಿ ಭರತ, ಅಂದರೆ ಕಡಲಿನ ಉಬ್ಬರ, ಎಂದು. ಆ ಎರಡನೆಯದರ ಅರ್ಥ ಹಿಡಿಯಬೇಕಾದರೆ ಸೆವರ್ನ್ ನದೀಮುಖ ಗೊತ್ತಿರಬೇಕು. ಜಗತ್ತಿನಲ್ಲೇ ಅತಿ ಹೆಚ್ಚು ಏರಿಳಿತವಿರುವ ಸಮುದ್ರಗಳಲ್ಲಿ ಇದೊಂದು. ಕಾರ್ಡಿಫ್ ಬಳಿ ದೊಡ್ಡ ಭರತದ ದಿನಗಳಲ್ಲಿ ನೀರು 12 ಮೀಟರ್‌ನಷ್ಟು ಏರಿ ಇಳಿಯುತ್ತದೆ. ಇಳಿತದಲ್ಲಿ ಬಂದರಿನ ಬಾಯಿ ಬರೀ ಕೆಸರು. ಅದಕ್ಕೇ ಹಡಗುಕಟ್ಟೆಗಳಿಗೆ ಬಾಗಿಲು ಹಾಕಿ ಒಳಗೆ ನೀರು ಹಿಡಿದಿಡುತ್ತಿದ್ದರು, ಭರತದ ಹೊತ್ತಿನಲ್ಲಿ ಮಾತ್ರ ಹಡಗು ಒಳಗೆ ಬರಬೇಕು, ಹೊರಗೆ ಹೋಗಬೇಕು. ಈ ಹೊತ್ತಿನ ಭರತ ತಪ್ಪಿದರೆ ಮುಂದಿನದಕ್ಕೆ ಹನ್ನೆರಡು ತಾಸಿಗೂ ಮಿಕ್ಕಿ ಕಾಯಬೇಕು. ಅಷ್ಟು ಹೊತ್ತಿಗೂ ಖರ್ಚು ಓಡುತ್ತಿರುತ್ತದೆ.

ಹಾಗಾಗಿ ದಲ್ಲಾಳಿ ತಲೆಯೆತ್ತಿದರೆ ಅವನಿಗೆ ಕಾಣಬೇಕಾದದ್ದು ಎರಡೇ: ಹಡಗು ಮತ್ತು ನೀರು. ಆ ಎರಡಕ್ಕೇ ಸಿಂಹಗಳನ್ನು ಕಾವಲಿಟ್ಟರು. ಅಲಂಕಾರವೂ ಅಗತ್ಯವೂ ಒಂದೇ ವಸ್ತುವಿನಲ್ಲಿ ಇಷ್ಟು ಸಲೀಸಾಗಿ ಬೆರೆತಿರುವ ಇನ್ನೊಂದು ಉದಾಹರಣೆ ಈ ಕಟ್ಟಡದಲ್ಲಿ ಇಲ್ಲ. ಜಗತ್ತಿನ ಮೊದಲ ಹತ್ತು ಲಕ್ಷ ಪೌಂಡಿನ ಚೆಕ್‌ಗೆ ಸಹಿ ಬಿದ್ದದ್ದು ಇಲ್ಲೇ ಎಂಬ ಮಾತನ್ನು ಎಲ್ಲರೂ ಹೇಳುತ್ತಾರೆ. ವರ್ಷ ಮಾತ್ರ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಆ ಕಥೆಗಿಂತ ಈ ಎರಡು ಗುರಾಣಿಗಳೇ ಆ ವ್ಯಾಪಾರವನ್ನು ನಮಗೆ ಚೆನ್ನಾಗಿ ತಿಳಿಸುತ್ತವೆ.

1913 ಮತ್ತು ಆಮೇಲೆ

ಹಾಲ್‌ನ ಹೊಸ ಅಲಂಕಾರ ಮುಗಿದದ್ದು 1912ರಲ್ಲಿ. ಮಾರನೆಯ ವರ್ಷ ಕಾರ್ಡಿಫ್ ಹಡಗುಕಟ್ಟೆಗಳಿಂದ 1 ಕೋಟಿ 7 ಲಕ್ಷ ಟನ್ ಕಲ್ಲಿದ್ದಲು ಹೊರಟಿತು. ಅಷ್ಟು ಮತ್ತೆಂದೂ ಹೊರಡಲಿಲ್ಲ. ಅದೇ ವರ್ಷ ಅಕ್ಟೋಬರ್ 14ರಂದು ಸೆಂಗೆನಿಡ್ ಊರಿನ ಯೂನಿವರ್ಸಲ್ ಗಣಿಯಲ್ಲಿ ಸ್ಫೋಟವಾಗಿ 439 ಗಣಿಗಾರರು ಸತ್ತರು. ಬ್ರಿಟನ್ನಿನ ಗಣಿ ದುರಂತಗಳಲ್ಲಿ ಅದಕ್ಕಿಂತ ದೊಡ್ಡದಿಲ್ಲ. ಹಾಲ್‌ನ ಮರಗೆಲಸದ ಬಗ್ಗೆ ಬರೆಯುವಾಗ ಈ ಸಾಲನ್ನೂ ಬರೆಯಲೇಬೇಕು. ಎರಡಕ್ಕೂ ಮೂಲ ಒಂದೇ ಕಲ್ಲಿದ್ದಲು.

ಇಳಿಮುಖಕ್ಕೆ ಕಾರಣಗಳು ಹಲವು. ನೌಕಾಪಡೆ ಎಣ್ಣೆಗೆ ತಿರುಗಿತು. ಮೊದಲ ಮಹಾಯುದ್ಧದ ನಂತರ ಜರ್ಮನಿ ಪರಿಹಾರದ ಲೆಕ್ಕದಲ್ಲಿ ಫ್ರಾನ್ಸ್‌ಗೂ ಇಟಲಿಗೂ ಕಲ್ಲಿದ್ದಲು ಕೊಡಬೇಕಾಗಿ ಬಂದು, ವೇಲ್ಸ್‌ನ ಹಳೆಯ ಗಿರಾಕಿಗಳು ಕೈತಪ್ಪಿದರು. 1926ರ ಮುಷ್ಕರ, ಆಮೇಲೆ ಮಹಾಕುಸಿತ. ಎಕ್ಸ್‌ಚೇಂಜಿನ ಮಟ್ಟಿಗೆ ಕೊನೆಯ ಪೆಟ್ಟು ಬೇರೆಯದು: 1947ರ ಜನವರಿ 1ರಂದು ಗಣಿಗಳೆಲ್ಲ ಸರ್ಕಾರದ ಕೈಗೆ ಬಂದವು. ಗಣಿಗಾರರ ಕಡೆಯಿಂದ ನೋಡಿದರೆ ಅದು ದಶಕಗಳ ಹೋರಾಟದ ಫಲ. ಹಾಲ್‌ನ ನೆಲದ ಮೇಲೆ ಮಾತ್ರ ಇನ್ನು ಚೌಕಾಸಿಗೆ ಅರ್ಥವಿರಲಿಲ್ಲ. ಮಾರುವವನು ಒಬ್ಬನೇ ಆದಮೇಲೆ ಕೂಗುವುದು ಯಾರಿಗೆ? 1958ರಲ್ಲಿ ಎಕ್ಸ್‌ಚೇಂಜ್ ಬಾಗಿಲು ಮುಚ್ಚಿತು. 1964ಕ್ಕೆ ಕಾರ್ಡಿಫ್‌ನ ಕಲ್ಲಿದ್ದಲು ರಫ್ತೇ ನಿಂತಿತು.

ಉಳಿಸಲು ಬಂದವರು

ಆಮೇಲಿನ ಕಥೆಯಲ್ಲಿ ಒಂದು ಅಂಶ ಮತ್ತೆ ಮತ್ತೆ ಬರುತ್ತದೆ: ಬಂದವರೆಲ್ಲ ಹಾಲ್ ನೋಡಿ ಮನಸೋತರು, ಸುತ್ತಲಿನ ನೂರಾರು ಕಿಟಕಿಗಳ ಬಗ್ಗೆ ಯೋಚಿಸಲಿಲ್ಲ.

1970ರ ದಶಕದಲ್ಲಿ ವೇಲ್ಸ್‌ಗೆ ತನ್ನದೇ ಶಾಸನಸಭೆ ಬರುವ ಮಾತಾದಾಗ ಅದರ ಮನೆಯಾಗಿ ಈ ಕಟ್ಟಡವನ್ನು ಗೊತ್ತುಮಾಡಿದ್ದರು. ಗ್ಯಾಲರಿಯಿರುವ ಹಾಲ್ ಸಭಾಂಗಣಕ್ಕೆ ಒಪ್ಪುತ್ತಿತ್ತು. ಸದಸ್ಯರಿಗೆ, ನೌಕರರಿಗೆ ಬೇಕಾದ ಕೋಣೆಗಳೂ ಸುತ್ತಲೇ ಇದ್ದವು. ನನ್ನ ಪ್ರಕಾರ ಕಟ್ಟಡದ ಮೂಲ ಲೆಕ್ಕಕ್ಕೆ ಸರಿಯಾಗಿ ಹೊಂದಿದ ಮೊದಲ ಪ್ರಸ್ತಾಪ ಅದು, ಮತ್ತು ಅತ್ಯುತ್ತಮವಾದದ್ದು. ಆದರೆ 1979ರ ಮಾರ್ಚ್ 1ರ ಜನಮತಗಣನೆಯಲ್ಲಿ ಐದರಲ್ಲಿ ನಾಲ್ಕು ಪಾಲು ಮತ ಶಾಸನಸಭೆ ಬೇಡ ಎಂದಿತು. 1997ರಲ್ಲಿ ಜನ ಕೂದಲೆಳೆಯ ಅಂತರದಲ್ಲಿ ಬೇಕೆಂದರು. ಆ ಹೊತ್ತಿಗೆ ಗಮನ ಬೇರೆ ಕಡೆ ಸರಿದಿತ್ತು. ಇಲ್ಲಿಂದ ಸ್ವಲ್ಪ ನಡೆದರೆ ಸಿಗುವ ನೀರಂಚಿನಲ್ಲಿ, ರಿಚರ್ಡ್ ರಾಜರ್ಸ್ ಸಂಸ್ಥೆ ವಿನ್ಯಾಸ ಮಾಡಿದ ಹೊಸ ಸೆನೆಡ್ (ವೇಲ್ಸ್‌ನ ಶಾಸನಸಭೆ) ಭವನ 2006ರಲ್ಲಿ ತೆರೆಯಿತು.

ಈ ನಡುವೆ ಹಾಲ್ ಸಂಗೀತ ಕಛೇರಿಗಳ ತಾಣವಾಯಿತು. ಶನಿವಾರ ರಾತ್ರಿ ಹಾಲ್ ತುಂಬುತ್ತಿತ್ತು, ಮೇಲಿನ ಅಂತಸ್ತುಗಳು ಸೋರುತ್ತಿದ್ದವು. ಹಾಲ್ ಒಂಟಿಯಾಗಿ ತನ್ನನ್ನು ತಾನು ಸಾಕಿಕೊಳ್ಳಲಾರದು ಎಂಬುದನ್ನು 1886ರಲ್ಲಿ ಕಟ್ಟಿದವರು ಬಲ್ಲವರಾಗಿದ್ದರು. ನೂರು ವರ್ಷದ ಮೇಲೆ ಅದು ಮರೆತುಹೋಗಿತ್ತು. 2013ರಲ್ಲಿ ಸುರಕ್ಷತೆಯ ಕಾರಣಕ್ಕೆ ಕಟ್ಟಡ ಮುಚ್ಚಿತು.

ಆ ವರ್ಷಗಳಲ್ಲಿ ಚರ್ಚೆಯಾದ ಇನ್ನೊಂದು ದಾರಿ ಹಾಲ್ ಮತ್ತು ಹೊರಗಿನ ಮುಖಗಳನ್ನು ಉಳಿಸಿಕೊಂಡು ನಡುವಿನದನ್ನೆಲ್ಲ ಕೆಡವಿ ಫ್ಲ್ಯಾಟು ಕಟ್ಟುವುದು. ಸಂರಕ್ಷಣೆಯ ಪರವಾಗಿದ್ದವರು ಇದನ್ನು ಬಲವಾಗಿ ವಿರೋಧಿಸಿದರು. ನಾನೂ ಅವರ ಕಡೆಯೇ. ಕಟ್ಟಡಕ್ಕೆ ಎರಡನೆಯ ಅತಿ ಹೆಚ್ಚಿನ ದರ್ಜೆಯ ರಕ್ಷಣೆ ಇದೆ. ಆ ರಕ್ಷಣೆ ಮುಖಕ್ಕೆ ಮಾತ್ರ ಸಿಕ್ಕಿದ್ದಲ್ಲ. ಮೆಟ್ಟಿಲು, ಓಣಿ, ಕೋಣೆಗಳನ್ನು ತೆಗೆದರೆ ಹಾಲ್ ಯಾತಕ್ಕಿತ್ತು ಎಂಬ ವಿವರಣೆಯೇ ಹೋಗಿಬಿಡುತ್ತದೆ.

ಹತ್ತಿರದ ಪಿಯರ್‌ಹೆಡ್ ಕಟ್ಟಡವನ್ನು ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. 1897ರಲ್ಲಿ ವಿಲಿಯಂ ಫ್ರೇಮ್ ವಿನ್ಯಾಸದಲ್ಲಿ ಬ್ಯೂಟ್ ಹಡಗುಕಟ್ಟೆ ಕಂಪನಿಗೆ ಕಟ್ಟಿದ್ದು. ಕೆಂಪು ಟೆರ್ರಾಕೋಟಾ, ಗಡಿಯಾರದ ಗೋಪುರ, ನೀರಿನ ಅಂಚಿನಲ್ಲೇ ಜಾಗ. ಅದು ಚಿಕ್ಕದು. ಒಬ್ಬ ಮಾಲೀಕ ಹೋದರೆ ಇನ್ನೊಬ್ಬ ಬಂದು ಇಡಿಯಾಗಿ ಬಳಸಬಹುದು. ಈಗ ಅದು ಸೆನೆಡ್‌ನ ಬಳಕೆಯಲ್ಲಿದೆ. ಎಕ್ಸ್‌ಚೇಂಜ್ ಒಂದು ಇಡೀ ಚೌಕದಷ್ಟಿದೆ. ಅದರ ಗಾತ್ರಕ್ಕೆ ತಕ್ಕ ಕೆಲಸ ಸಿಗದಿದ್ದರೆ ಅರೆಬರೆ ಕೆಲಸಗಳು ಅದನ್ನು ಇನ್ನಷ್ಟು ಸೊರಗಿಸುತ್ತವೆ.

ಹೋಟೆಲ್

2016ರಲ್ಲಿ ಲಿವರ್‌ಪೂಲ್‌ನ ಹೋಟೆಲ್ ಕಂಪನಿಯೊಂದು ಕಟ್ಟಡ ವಹಿಸಿಕೊಂಡು, 2017ರಲ್ಲಿ ಒಂದು ಭಾಗವನ್ನು ಹೋಟೆಲಾಗಿ ತೆರೆಯಿತು. ಮೊದಲು ಕೇಳಿದಾಗ ನಿರಾಸೆಯಾಗುವ ಸಂಗತಿಯೇ. ಒಂದು ಊರಿನ ಶ್ರಮದ ಇತಿಹಾಸಕ್ಕೆ ಹಾಸಿಗೆ ಹಾಕಿ ಬಾಡಿಗೆಗೆ ಕೊಡುವುದೇ ಎಂದು ಕೇಳಿದವರಿದ್ದಾರೆ. ಆದರೆ ನಕ್ಷೆ ಹಿಡಿದು ನೋಡಿದರೆ ಹೋಟೆಲ್‌ಗೆ ಬೇಕಾದದ್ದೇ ಇಲ್ಲಿದೆ: ಹೊರಗೋಡೆಗುಂಟ ಕಿಟಕಿಯಿರುವ ಸಣ್ಣ ಕೋಣೆಗಳು, ಅವಕ್ಕೆ ಹೋಗುವ ಓಣಿಗಳು, ನಡುವೆ ನೂರಾರು ಜನ ಸೇರಬಲ್ಲ ಹಾಲ್. ಗೋಡೆಗಳನ್ನು ಹೆಚ್ಚು ಒಡೆಯಬೇಕಿಲ್ಲ. ಹಾಲ್ ಚೆನ್ನಾಗಿದ್ದರೆ ಕೋಣೆ ತುಂಬುತ್ತದೆ, ಕೋಣೆ ತುಂಬಿದರೆ ಹಾಲ್‌ನ ಚಾವಣಿಗೆ ಹಣ ಸಿಗುತ್ತದೆ. ಸೀವರ್ಡ್ ಅವರ ಹಳೆಯ ಲೆಕ್ಕ ಮತ್ತೆ ಕೂಡಿಬಂತು.

ಹಣಕಾಸು ಮಾತ್ರ ಅಷ್ಟು ಸಲೀಸಾಗಿ ಕೂಡಿಬರಲಿಲ್ಲ. ಹೂಡಿಕೆದಾರರ ಹಣ ನಂಬಿ ನಡೆದ ಕೆಲಸವದು. 2020ರಲ್ಲಿ ವ್ಯವಹಾರ ದಿವಾಳಿಯ ಅಂಚಿಗೆ ಬಂದು ಆಡಳಿತಾಧಿಕಾರಿಗಳ ಕೈ ಸೇರಿತು. ಕಟ್ಟಡ ಬೇರೆ ಮಾಲೀಕರ ಪಾಲಾಯಿತು, ಹೋಟೆಲ್ ಮುಂದುವರಿಯಿತು. ನಾಲ್ಕೂ ಕಡೆ ಮುಖವಿರುವ ಕಟ್ಟಡದಲ್ಲಿ ಕಲ್ಲಿನ ಕೆಲಸ ಒಂದು ಮಗ್ಗುಲು ಮುಗಿಯುವಷ್ಟರಲ್ಲಿ ಇನ್ನೊಂದು ಮಗ್ಗುಲು ಕರೆಯುತ್ತದೆ. ಆ ಖರ್ಚು ಯಾವ ಮಾಲೀಕನಿಗೂ ತಪ್ಪಿದ್ದಲ್ಲ.

ಹೋಟೆಲಾದ ಮೇಲೆ ಸಿಂಹಗಳಿರುವ ಹಾಲ್‌ನಲ್ಲಿ ಮದುವೆಗಳೂ ಔತಣಗಳೂ ನಡೆದವು. ಬಂದವರು ರಾತ್ರಿ ಉಳಿದದ್ದು ದಲ್ಲಾಳಿಗಳ, ಹಡಗು ಏಜೆಂಟರ ಕಚೇರಿಗಳಾಗಿದ್ದ ಕೋಣೆಗಳಲ್ಲಿ. ಚಾವಣಿಯ ರಿಪೇರಿಗೆ ಹಣ ಹುಟ್ಟಬೇಕಾಗಿದ್ದದ್ದೂ ಆ ಕೋಣೆಗಳ ಬಾಡಿಗೆಯಿಂದಲೇ.